ಅಟ್ಟದ ಮೇಲಿನ ನಾಯಿ

ಅಕ್ಕ ಗಂಡನ ಮನೆ ಬಿಟ್ಟ ದಿನ ತನ್ನ ನಾಯಿಯನ್ನು ನನ್ನ ಕೈಗೆ ಕೊಟ್ಟಳು. ಹೊಡೆತ ತಿಂದು ಬಂದ ಹೆಂಗಸರನ್ನು ಇರಿಸಿಕೊಳ್ಳುವ ಆಶ್ರಯ ಮನೆಯೊಂದು ತುಮಕೂರಿನಲ್ಲಿ ಅವಳಿಗೆ ಜಾಗ ಕೊಟ್ಟಿತ್ತು; ಸಾಕುಪ್ರಾಣಿಗೆ ಅಲ್ಲಿ ಅವಕಾಶವಿರಲಿಲ್ಲ. ಭಾವ ಅವಳನ್ನು ಹೊಡೆದಾದ ಮೇಲೆ ನಾಯಿಯನ್ನು ಒದೆಯುತ್ತಿದ್ದ. ಅದನ್ನು ಬಿಟ್ಟು ಬರಲಾಗದೆ ಅವಳು ಎರಡು ವರ್ಷ ಹಂದನಕೆರೆಯ ಆ ಮನೆಯಲ್ಲೇ ಉಳಿದಿದ್ದಳು. ಇಂಥ ಪ್ರಕರಣಗಳನ್ನು ಪತ್ರಿಕೆಗೆ ಎಷ್ಟೋ ಬರೆದಿದ್ದೇನೆ. ನಾಯಿಯ ವಿಷಯ ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅರಳಗುಪ್ಪೆಯ ನಮ್ಮ ಮನೆಯ ಮುಂದೆ ಭಾವನ ಬೈಕು ನಿಂತಿತು. ನಾಯಿಯನ್ನು ಎತ್ತಿಕೊಂಡು ಏಣಿ ಹತ್ತಿ, ಕೊಬ್ಬರಿಯಾಗಲೆಂದು ಕಾಯಿ ತುಂಬಿದ್ದ ಅಟ್ಟದ ಮೂಲೆಗೆ ಬಿಟ್ಟು ಇಳಿದೆ. ಏಣಿ ತೆಗೆಯುವಷ್ಟು ಹೊತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಬಂದ ನೆಂಟ ಮೊದಲು ವಿಚಾರಿಸುವುದೇ ಅಟ್ಟದ ಕಾಯಿಯನ್ನು. ಹತ್ತಿ, ಒಂದನ್ನು ಕಿವಿಯ ಹತ್ತಿರ ಕುಲುಕಿ, ಒಳಗಿನ ನೀರು ಬತ್ತಿದೆಯೇ ಎಂದು ನೋಡದೆ ಹೋಗುವುದಿಲ್ಲ. ಅದು ನನಗೆ ನೆನಪಾದದ್ದು ಅವನು ಒಳಗೆ ಬಂದು ಕೂತ ಮೇಲೆ.

"ಏನ್ಲಾ ಭಾಮೈದ, ನಿಮ್ಮಕ್ಕ ಎಲ್ಲವ್ಳೆ ಅಂತ ಪೇಪರ್ನಾಗೆ ಹಾಕ್ಸು, ಓದ್ಕಂತೀನಿ" ಎಂದು ನಕ್ಕ.

"ನಮಗೂ ಗೊತ್ತಿಲ್ಲ ಕಣಪ್ಪ" ಎಂದಳು ಅಮ್ಮ, ಚೊಂಬಿನಲ್ಲಿ ನೀರು ಹಿಡಿದುಕೊಂಡು.

"ಬುಡಿ ಅತ್ತೆ. ಆ ನಾಯಿ ಸಿಕ್ರೆ ಸಾಕು. ಒಂದ್ ಕಾಲು ಮುರ್ದು ಫೋಟೋ ಕಳಿಸ್ತೀನಿ. ಅವಳೇ ಓಡ್ಬತ್ತಾಳೆ."

ಅದು ನಿಜ. ಓಡಿ ಬರುತ್ತಿದ್ದಳು.

"ಕಾಯಿ ಎಂಗಾದ್ವು?" ಎನ್ನುತ್ತಾ ಎದ್ದು ಏಣಿಗೆ ಕಾಲಿಟ್ಟ. ಮೂರು ಮೆಟ್ಟಿಲು ಹತ್ತಿ, ಅಂಚಿನ ಕಾಯೊಂದನ್ನು ತೆಗೆದು ಕುಲುಕಿದ. ಅದೇ ಹೊತ್ತಿಗೆ ಅಟ್ಟದ ಬಿದಿರು ಗಳುಗಳ ಸಂದಿಯಿಂದ ನೆಲಕ್ಕೆ ಹನಿ ಬೀಳತೊಡಗಿತು. ಅವನ ದನಿ ಕೇಳಿದರೆ ಆ ನಾಯಿ ಬೊಗಳುವುದಿಲ್ಲ, ಇದ್ದಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ ಎಂದು ಅಕ್ಕ ಹೇಳಿದ್ದಳು. ಅಮ್ಮ ಚೊಂಬನ್ನು ಸರಿಯಾಗಿ ಆ ಹನಿಗಳ ಮೇಲೆಯೇ ಕೈಬಿಟ್ಟಳು.

"ಅಯ್ಯೋ, ಈಗೀಗ ಕೈಯೇ ನಿಲ್ಲಲ್ಲ. ಇಳಿಯಪ್ಪ, ನೆಲ ಒದ್ದೆ ಆಯ್ತು, ಏಣಿ ಜಾರ್ತದೆ."

"ಇನ್ನೂ ಎರಡ್ ತಿಂಗ್ಳು ಬೇಕು ಇವಕ್ಕೆ" ಎಂದು ಕಾಯನ್ನು ಒಳಕ್ಕೆಸೆದು ಇಳಿದ.

ಬೈಕಿನ ಸದ್ದು ಕೆರೆಯ ಏರಿಯನ್ನು ದಾಟುವವರೆಗೆ ನಾವಿಬ್ಬರೂ ನಿಂತಲ್ಲಿಂದ ಅಲ್ಲಾಡಲಿಲ್ಲ. ಆಮೇಲೆ ಅಟ್ಟ ಹತ್ತಿದೆ. ನಾಯಿ ಕಾಯಿಗಳ ನಡುವೆ ಮುಖ ಹುದುಗಿಸಿಕೊಂಡಿತ್ತು. ಎಷ್ಟು ಕರೆದರೂ ಬರಲಿಲ್ಲ. ಹಾಕಿದ ಅನ್ನ ಹಾಗೇ ಉಳಿಯಿತು.

ಸಂಜೆ ಅಕ್ಕ ಫೋನ್ ಮಾಡಿ, "ಉಂಡ್ತೇನೋ ಅದು?" ಎಂದಳು.

ಉಂಡಿತು ಎಂದೆ. ಭಾವ ಬಂದದ್ದನ್ನು ಹೇಳಲಿಲ್ಲ. ಹೇಳಿದ್ದರೆ ಮರುದಿನದ ಮೊದಲ ಬಸ್ಸಿಗೇ ಹೊರಟು ಬರುತ್ತಿದ್ದಳು.