ಓದದೆ ಬಿಟ್ಟ ಸಾಲು

ತರೀಕೆರೆಯ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಕೊನೆಯ ಪಂಕ್ತಿಯ ಹಿಂದೆ, ನೀರಿನ ಜಗ್ಗು ಹಿಡಿದು ನಾನು ನಿಂತಿದ್ದೆ. ಅಕ್ಕನ ಮಗಳ ಮದುವೆಯ ದಿನ. ಧಾರೆ ಮುಗಿದು, ಬಂದವರೆಲ್ಲ ಉಂಡು, ಹುಡುಗಿಯ ತಂದೆತಾಯಿ ಹೊಸ ಬೀಗರ ಜೊತೆ ಎಲೆಗೆ ಕೂತಿದ್ದ ಹೊತ್ತು. ಅಕ್ಕನಿಗೂ ನನಗೂ ನಡುವೆ ಒಂದು ಕೈಯಳತೆ ದೂರವಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ. ತೂಕ ಇಳಿಸದಿದ್ದರೆ ಔಷಧಿ ಮಾತ್ರದಿಂದ ಆಗುವುದಿಲ್ಲ ಎಂದು ಕಡೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ತೂಕ ಇಳಿಸುವವರಿಗೆ ಮೊಬೈಲಿಗೆ ದಿನಾ ಮೆಸೇಜು ಕಳಿಸುತ್ತೇವೆ, ನಂಬರ್ ಕೊಡಿ ಎಂದರು. ಅವಳ ಹತ್ತಿರ ಅವಳದೇ ಸಣ್ಣ ಮೊಬೈಲಿತ್ತು. ಆದರೂ ಭಾವನ ನಂಬರ್ ಕೊಟ್ಟಳು. ಆಸ್ಪತ್ರೆ, ಬ್ಯಾಂಕು, ರೇಷನ್ನು, ಎಲ್ಲಿ ಕೇಳಿದರೂ ನಮ್ಮ ಹೆಂಗಸರು ಕೊಡುವುದು ಗಂಡನ ನಂಬರನ್ನೇ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಭಾವ ಓದಿ ಹೇಳುವರು, ಅವಳು ಬೆಳಿಗ್ಗೆ ತಮ್ಮೂರು ಸಿಂಗಟಗೆರೆಯ ಕೆರೆ ಏರಿಯ ಮೇಲೆ ನಡೆದು ಬರುವಳು. ರಾತ್ರಿ ಮುದ್ದೆ ಅರ್ಧವಾಯಿತು, ಸೊಪ್ಪು ಹೆಚ್ಚಾಯಿತು. ಮದುವೆಗೆ ಹೊಲಿಸಿದ ರವಿಕೆ ಸಡಿಲವಾಗಿದೆ ಎಂದು ಭುಜದ ಹತ್ತಿರ ಹಿಡಿದು ನನಗೆ ತೋರಿಸಿದ್ದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಕಂಡದ್ದು ಕಡಿಮೆ.

ಹೋಳಿಗೆ ಬಂತು. ಆಗಲೇ ಭಾವನ ಮೊಬೈಲು ಸದ್ದು ಮಾಡಿತು. ಎಡಗೈಯಲ್ಲಿ ತೆಗೆದು ನೋಡಿದವರು ಎಲ್ಲರಿಗೂ ಕೇಳುವಂತೆ ಓದಿದರು: "ಸಮಾರಂಭದ ಊಟದಲ್ಲಿ ಸಿಹಿ ಒಂದು ತುತ್ತಿಗೆ ಸಾಕು ಮಾಡಿ."

"ಕೇಳಿಸ್ತೇನಯ್ಯಾ?" ಎಂದು ಬಡಿಸುವವನನ್ನು ತಡೆದರು. "ಈ ಎಲೆಗೆ ಹಾಕ್ಬೇಡ. ಮೇಲಿಂದ ಆರ್ಡರ್ ಬಂದೈತೆ. ಇವಳ ಪಾಲೂ ನಂಗೇ ಹಾಕು."

ಭಾವನ ಅಕ್ಕ ಎದುರಿನಿಂದ, "ವಾಸನೆಗಾದ್ರೂ ಒಂದ್ ಚೂರು ಹಾಕಪ್ಪಾ, ಮಗಳ ಮದ್ವೆ ಕಣೋ!" ಎಂದರು.

"ಚೂರಲ್ಲಿ ನಿಲ್ಲೋ ಪೈಕಿನೇನಕ್ಕಾ ಇವಳು?" ಎಂದರು ಭಾವ.

ಬೀಗರ ಸಾಲು ನಕ್ಕಿತು. ಅಕ್ಕನೂ ನಗಲು ನೋಡಿದಳು. ಆಮೇಲೆ ಅನ್ನ ಇದ್ದ ಹಾಗೆಯೇ ಎಲೆ ಮಡಚಿದಳು. ಪಂಕ್ತಿ ಏಳುವ ಮೊದಲು, ಬೀಗರ ಎದುರಿಗೆ, ಹುಡುಗಿಯ ತಾಯಿ. "ಮಡಚ್ಬೇಡಿ ತಾಯೀ, ಕೂತ್ಕಳಿ," ಎಂದು ಬೀಗಿತ್ತಿ ಕೈ ಚಾಚಿದರು. ಅವಳು ಎದ್ದು ಕೈತೊಳೆಯಲು ಹೋದಳು. ನಗು ನಿಂತಿತು. ಭಾವ ಮಾತ್ರ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಸಂಜೆ ವ್ಯಾನಿನವನಿಗೆ ಫೋನ್ ಮಾಡು ಎಂದು ಭಾವ ಆ ಮೊಬೈಲನ್ನೇ ನನ್ನ ಕೈಗೆ ಕೊಟ್ಟರು. ಮೆಸೇಜು ತೆರೆದೇ ಇತ್ತು. ಅದರಲ್ಲಿ ಇನ್ನೊಂದು ಸಾಲಿತ್ತು: "ಹೋದ ತಿಂಗಳಿಗಿಂತ ನಿಮ್ಮ ತೂಕ ಇಳಿದಿದೆ, ಅಭಿನಂದನೆಗಳು."

ಮುಂದಿನ ವಾರ, ತಿಂಗಳ ತೂಕ ನೋಡಿಸಲು, ಅವಳ ಜೊತೆ ಕಡೂರಿನ ಆಸ್ಪತ್ರೆಗೆ ಹೋದೆ. ಸರದಿಯಲ್ಲಿ ಕೂತಿದ್ದಾಗ ಆ ಸಾಲನ್ನು ಹೇಳಿದೆ. "ಅದನ್ನ ಓದ್ಲಿಲ್ವಲ್ಲೋ," ಎಂದಳು. ಒಳಗೆ ಹೋಗಿ ನರ್ಸಮ್ಮನಿಗೆ, "ಆ ನಂಬರ್ ತೆಗೆದ್ಬಿಡಿ," ಎಂದಳು.

"ನಿಮ್ದೇ ನಂಬರ್ ಕೊಡಿ ಅಮ್ಮಾ, ಚೆನ್ನಾಗಿ ಇಳೀತಾ ಇದೆಯಲ್ಲ."

"ಬ್ಯಾಡ ಬಿಡಿ."

ಆಮೇಲೆ ಅವಳು ಕೆರೆ ಏರಿಗೆ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಮರುವರ್ಷ ಲಕ್ವ ಹೊಡೆದು ತೀರಿಕೊಂಡಳು. ಆ ಊಟದಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ನಡೆಯುತ್ತಿದ್ದವಳು ನಿಂತದ್ದು ಯಾವಾಗ ಎಂದು ಮಾತ್ರ ನನಗೆ ಗೊತ್ತು.

ತಿಥಿಯ ದಿನ ಭಾವ ಬಂದವರಿಗೆಲ್ಲ, "ಎಷ್ಟ್ ಹೇಳಿದ್ರೂ ಬಾಯಿ ಕಟ್ಲಿಲ್ಲ ಕಣ್ರೀ," ಎನ್ನುತ್ತಿದ್ದರು. ನಾನು ಇದನ್ನು ಬರೆದಿಡುತ್ತಿರುವುದು ಆ ಮಾತಿಗಾಗಿ.

ಭಾವನ ಅಕ್ಕ ಈಗಿಲ್ಲ. ಹೋಳಿಗೆ ಬಡಿಸುತ್ತಿದ್ದವನು ತರೀಕೆರೆಯಲ್ಲೇ ಇದ್ದಾನೆ. ಎಲೆಯ ಕಡೆಗೆ ಕೈ ಚಾಚಿದ ಬೀಗಿತ್ತಿ ಅಜ್ಜಂಪುರದಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ. ಭಾವನೂ ಇದ್ದಾರೆ.