ಅಪ್ಪನ ಜೇಬಿಗೆ ಹೋದ ಚೀಟಿ

“ಮಿಸ್, ಇದನ್ನ ಒಂದು ಚೀಟೀಲಿ ಬರ್ಕೊಡ್ತೀರಾ? ಬಸುರಿ ಇದ್ದಾಗ ಗ್ರಹಣದಲ್ಲಿ ಅಮ್ಮ ಹೊರಗೆ ಬಂದಿದ್ಕೇ ತಮ್ಮಂಗೆ ಮೈಯೂ ಕೂದ್ಲೂ ಬೆಳ್ಳಗಾಯ್ತು ಅಂತ ಅಜ್ಜಿ ಅಮ್ಮಂಗೆ ದಿನಾ ಬೈಯುತ್ತೆ.”

ಅಜ್ಜಂಪುರದ ಶಾಲೆಯಲ್ಲಿ ಹತ್ತನೇ ತರಗತಿಗೆ ಜೀನುಗಳ ಉತ್ಪರಿವರ್ತನೆಯ ಪಾಠ ಆಗಷ್ಟೇ ಮುಗಿಸಿದ್ದೆ. ಮೈಗೆ, ಕೂದಲಿಗೆ ಬಣ್ಣವೇ ಬಾರದ ಮಗು ಹುಟ್ಟಬೇಕಾದರೆ ಬದಲಾದ ಜೀನು ಸಾಮಾನ್ಯವಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿರುತ್ತದೆ ಎಂದಿದ್ದೆ. ಚೀಟಿ ಕೇಳಿದ ಹುಡುಗಿಗೆ ಅದನ್ನೇ ಬರೆದು, ಸಹಿ ಹಾಕಿ ಕೊಟ್ಟೆ.

ಮರುದಿನ ನಾನೇ ಕರೆದು, ಅಜ್ಜಿ ಏನೆಂದರು ಎಂದು ಕೇಳಿದೆ.

“ಅಜ್ಜಿಗೆ ಓದಕ್ಕೆ ಬರಲ್ಲ ಮಿಸ್. ಅಪ್ಪನ ಕೈಗೆ ಕೊಟ್ಟೆ. ಎರಡು ಸಲ ಓದಿ, ಮಡಚಿ ಜೇಬಿಗೆ ಇಟ್ಕೊಂಡ್ರು. ಬೆಳಿಗ್ಗೆನೂ ಅಮ್ಮ ಬೈಸ್ಕೊಂಡ್ಲು. ಅಪ್ಪ ಅಲ್ಲೇ ತಿಂಡಿ ತಿಂತಿದ್ರು.”

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೋರ್ಡಿನ ಮೇಲೆ ‘ತಾಯಿಯಿಂದ ಒಂದು’ ಎಂದು ಬರೆದು, ‘ತಂದೆಯಿಂದ ಒಂದು’ ಎನ್ನುವಲ್ಲಿಗೆ ಬಂದಾಗ ಈಗ ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆಯುತ್ತೇನೆ.