ಚಕ್ಕೆಯಪ್ಪನ ಕೆಳಗೆ ಸುಮ್ಮನಿದ್ದ ಪೀಠ

ನಮ್ಮ ರಾಜ್ಯದಲ್ಲಿ ವಸ್ತುಗಳಿಗೆ ಅಷ್ಟಿಷ್ಟು ಸ್ವಂತ ಬುದ್ಧಿ ಇತ್ತು. ಕಳ್ಳತೂಕದ ಅಂಗಡಿಯಲ್ಲಿ ತಕ್ಕಡಿ ಬಿಕ್ಕಳಿಸುತ್ತಿತ್ತು. ನನ್ನ ತಾಯಿ ತೀರಿಕೊಂಡ ಮೇಲೆ ನಮ್ಮ ಮನೆಯ ಸೌಟು ಒಂದು ವರ್ಷ ಯಾರ ಕೈಗೂ ಬಗ್ಗಲಿಲ್ಲ. ಇಂಥ ಊರಿನಲ್ಲಿ ರಾಜಪೀಠವೇ ಕಿರುಗುಟ್ಟಿದರೆ ಜನ ಬೇರೇನನ್ನಾದರೂ ಯೋಚಿಸಬೇಕಾಗಿತ್ತು. ಆದರೆ ಅದು ಬಡಗಿಯ ತಪ್ಪೆಂದು ಅರಮನೆಯವರು ತೀರ್ಮಾನಿಸಿದರು. ನಾವೂ ಹೌದೆಂದೆವು.

ಆ ಬಡಗಿ ನಮ್ಮ ಬೀದಿಯ ಚಕ್ಕೆಯಪ್ಪ. ಈಗಿನ ದೊರೆಯ ತಂದೆ ಹಳೆಯ ರಾಜಮನೆತನವನ್ನು ಓಡಿಸಿದ ವಾರ, ಮುದಿ ಬಡಗಿಯೊಬ್ಬನ ಅಂಗಡಿಯಲ್ಲಿ ಮರದ ಚಕ್ಕೆ ತುಂಬಿದ ಬುಟ್ಟಿಯೊಳಗೆ ಯಾರೋ ಒಂದು ಕೂಸನ್ನು ಮಲಗಿಸಿ ಹೋಗಿದ್ದರು. ಹೆಸರು ಬಂದದ್ದು ಹಾಗೆ. ಕೂಸಿಗೆ ಸುತ್ತಿದ್ದ ಕಂಬಳಿಯ ಅಂಚಿನಲ್ಲಿ ಬಂಗಾರದ ದಾರದ ಏನೋ ಚಿತ್ತಾರವಿತ್ತಂತೆ. ಬಡಗಿಯ ಹೆಂಡತಿ "ಒಳ್ಳೇ ಉಣ್ಣೆ ಕಣ್ರೀ" ಎಂದು ಅದನ್ನು ಹನ್ನೆರಡು ತುಂಡು ಮಾಡಿ, ಅಂಟು ಒರೆಸಲು ಇಟ್ಟುಕೊಂಡಳು.

ಹುಡುಗ ಸಾಕುತಂದೆಯಿಂದ ಮೊಳೆಯಿಲ್ಲದೆ ಮರಕ್ಕೆ ಮರ ಕಚ್ಚಿಸಿ ಕೂಡು ಕೂಡಿಸುವುದನ್ನು ಕಲಿತ. ಜೊತೆಗೆ ಆ ಅಂಗಡಿಯ ಒಂದು ಕಟ್ಟಳೆಯನ್ನೂ ಕಲಿತ. ಕುರ್ಚಿ ಮುಗಿದೊಡನೆ ಮಾಡಿದವನೇ ಅದರ ಮೇಲೆ ಕೂರಬೇಕು. ಕಣ್ಣು ಮುಚ್ಚಿ, ಆಚೀಚೆ ವಾಲುತ್ತ ನೂರು ಎಣಿಸಬೇಕು. ಸದ್ದು ಬರದಿದ್ದರೆ ಮಾತ್ರ ಕುರ್ಚಿ ಹೊಸ್ತಿಲು ದಾಟಬೇಕು. ಬೇರೆಯವರನ್ನು ಕೂರಿಸಿ ನೋಡುವುದು ಅವರಲ್ಲಿ ನಾಚಿಕೆಗೇಡು.

ಮೂವತ್ತು ವರ್ಷ ಅವನು ಅರಮನೆಗೆ ಹೋಗಿ, ಪೀಠದ ಬೆಣೆ ಬಿಗಿದು, ಮೇಲೆ ಕೂತು ನೂರು ಎಣಿಸಿ, "ಸರಿಯಾಯ್ತು" ಎಂದು ಬರುತ್ತಿದ್ದ. ಮರುದಿನ ದೊರೆ ಕೂತೊಡನೆ ಕಿರ್‍ರ್! ದೊರೆ ಕೆಟ್ಟವನಲ್ಲ, ಸಂಕೋಚದವನು. ಸದ್ದಿಗೆ ನಾಚಿ ಮಿಸುಕದೆ ಕೂರುತ್ತಿದ್ದ, ಬೇಗ ಎದ್ದುಬಿಡುತ್ತಿದ್ದ. ಪಟ್ಟದ ದಿನದ ಭಾಷಣ ಕೇಳಲು ವರ್ಷಕ್ಕೊಮ್ಮೆ ಇಡೀ ಊರು ಚೌಕದಲ್ಲಿ ನಿಲ್ಲಬೇಕೆಂಬ ಆಜ್ಞೆಯಿತ್ತು. ಭಾಷಣ ಐದೇ ನಿಮಿಷ.

ಆ ವರ್ಷ ಅರಮನೆಯ ಪಾರುಪತ್ಯಗಾರ ಪೀಠವನ್ನು ಗೋಣಿಯಲ್ಲಿ ಸುತ್ತಿಸಿ ಅಂಗಡಿಗೇ ಹೊರಿಸಿ ತಂದ.

"ನೋಡಪ್ಪಾ, ಪಟ್ಟದ ದಿನಕ್ಕೆ ಹೊರಗಿನೋರು ಬರ್ತಾರೆ. ಇನ್ನೊಂದು ಸಲ ಸದ್ದು ಬಂತೋ, ನಿನ್ನ ಹತಾರದ ಪೆಟ್ಟಿಗೆ ನನ್ನ ಕೈಗೆ. ಆಮೇಲೆ ಉಳಿಗೆ ಎಲ್ಲಿ ಹೋಗ್ತೀಯೋ ನೋಡೋಣ."

ಚಕ್ಕೆಯಪ್ಪ ಊಟ ಬಿಟ್ಟ. ಹಸಿವಿಗಿಂತ ಅವಮಾನ ಅವನನ್ನು ತಿನ್ನುತ್ತಿತ್ತು. ಪೀಠವನ್ನು ಪೂರ್ತಿ ಬಿಚ್ಚಿ ಕೂಡಿಸಿದ. ಕೂತ, ಎಣಿಸಿದ. ಸದ್ದಿಲ್ಲ.

ನಮ್ಮ ಶಾಲೆಯ ಬೆಂಚಿನ ವಿಚಾರ ಕೇಳಲು ನಾನು ಅಲ್ಲಿಗೆ ಹೋದಾಗ, ಅವನ ಹೆಂಡತಿ ಕಾಳು ಬಿಡಿಸುವ ಮೊರ ಹಿಡಿದು ಬಂದು, ಬೇರೆ ಜಾಗ ಕಾಣದೆ ಪೀಠದ ಮೇಲೆ ಧೊಪ್ಪೆಂದು ಕೂತಳು. ಅದು ಹಂದಿಮರಿಯ ಕಿವಿ ಹಿಂಡಿದಂತೆ ಕಿರುಚಿತು.

"ಏಳೇ ಮಾರಾಯ್ತಿ!" ಎಂದು ಚಕ್ಕೆಯಪ್ಪ ಹೌಹಾರಿದ.

"ನಾನು ದಪ್ಪ ಅಂತ ಕುರ್ಚಿ ಕೈಲೂ ಹೇಳಿಸ್ತೀರಾ?"

ಅವನು ಕೂತ. ಸದ್ದಿಲ್ಲ. ನನ್ನನ್ನು ಕೂರಿಸಿದರು. ಕಿರುಚಿತು. ನಾನು ಕಡ್ಡಿಯಂಥವನು, ಭಾರದ ಮಾತೇ ಇಲ್ಲ. ಮಗಳು ಉಳಿ ಮಸೆಯುವುದನ್ನು ಬಿಟ್ಟು ಬಂದು ಕೂತಳು. ಪೀಠ ನಿದ್ದೆಹೋದಂತೆ ಸುಮ್ಮನಿತ್ತು.

ಆಗ ನನಗೆ ನೆನಪಾಯಿತು. ನಾನು ಎರಡನೆಯ ತರಗತಿಯಲ್ಲಿ ಓದಿದ್ದ ಒಂದು ಪಾಠವನ್ನು ಮರುವರ್ಷ, ಈಗಿನ ದೊರೆಯ ತಂದೆ ಪಟ್ಟಕ್ಕೆ ಬಂದೊಡನೆ, ಪುಸ್ತಕದಿಂದ ಹರಿದು ತೆಗೆದಿದ್ದರು. ತನ್ನ ರಾಜಮನೆತನದ ರಕ್ತದವರು ಕೂತರೆ ಪೀಠ ಸುಮ್ಮನಿರುತ್ತದೆ, ಬೇರೆ ಯಾರೇ ಕೂತರೂ ಅಳುತ್ತದೆ ಎಂದು ಅದರಲ್ಲಿತ್ತು. ಬುಟ್ಟಿ, ಕಂಬಳಿ, ಬಂಗಾರದ ದಾರ ಎಲ್ಲವೂ ನನ್ನ ತಲೆಯಲ್ಲಿ ಸಾಲಾಗಿ ನಿಂತವು. ಎಲ್ಲ ಹೇಳಿದೆ.

ಚಕ್ಕೆಯಪ್ಪನ ಕಣ್ಣು ತುಂಬಿಬಂತು. "ಹಾಗಾದ್ರೆ ಮೇಷ್ಟ್ರೇ, ನನ್ನ ಕೂಡು ಸರಿಯಾಗೇ ಇತ್ತಾ?"

"ಕೂಡು ಬಿಡಯ್ಯಾ! ನೀನು ದೊರೆ!"

"ಮೂವತ್ತು ವರ್ಷದಿಂದ ಸರಿಯಾಗೇ ಇತ್ತು!" ಎಂದು ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ?"

"ಕೇಳಿದೆ. ಮಹಾರಾಜರು ಒಂದು ಕೊಡ ನೀರು ತಂದುಕೊಟ್ರೆ ಸಾರಿಗೆ ಇಡ್ತೀನಿ."

ಹಕ್ಕು ಕೇಳಬಾರದೇಕೆ ಎಂದು ನಾನು ಕೇಳಿದೆ. "ಅಲ್ಲಿ ಕೂತು ಕೈಯಲ್ಲಿ ಏನು ಹಿಡ್ಕೊಳ್ಲಿ? ನಂಗೆ ಪೆಟ್ಟಿಗೆ ಉಳಿದ್ರೆ ಸಾಕು" ಎಂದ. ಅಂದೇ ಸಾಧಾರಣ ಮರದಿಂದ ತದ್ರೂಪ ಪೀಠವೊಂದನ್ನು ಮಾಡಲು ತೊಡಗಿದ. ಬಂಗಾರದ ತಗಡನ್ನು ಹಳೆಯದರಿಂದ ಹೊಸದಕ್ಕೆ ಹೊದಿಸಿದ. ಬೋಳಾದ ಹಳೆಯದು ಅಂಗಡಿಯ ಮೂಲೆ ಸೇರಿತು. ಅವನು ಅದರ ಮೇಲೆ ಕೂತೇ ಕುರ್ಚಿಕಾಲು ಕೀಸತೊಡಗಿದ.

ಅರಮನೆಯಲ್ಲಿ ದೊರೆ ಕೂತರೂ ಹೊಸ ಪೀಠ ಉಸಿರೆತ್ತಲಿಲ್ಲ. ಚಕ್ಕೆಯಪ್ಪನಿಗೆ ಪದಕ ಬಂತು. "ಸರಿಯಾದ ಕೆಲಸಕ್ಕೆ ಮೂವತ್ತು ವರ್ಷ ಬೈಸಿಕೊಂಡೆ. ಮೋಸದ ಕೆಲಸಕ್ಕೆ ಪದಕ" ಎಂದು ಅದನ್ನು ಅಂಟಿನ ಪಾತ್ರೆಗೆ ಮುಚ್ಚಳ ಮಾಡಿದ.

ಆದರೆ ದೊರೆಗೆ ಕೂರುವ ಸುಖ ಸಿಕ್ಕಿತ್ತು. ಆ ಪಟ್ಟದ ದಿನದ ಭಾಷಣ ನಾಲ್ಕು ಗಂಟೆ ನಡೆಯಿತು. ಬಿಸಿಲಿಗೆ ಮುದುಕರು ಉರುಳಿದರು, ಹಾಲುಕೂಸುಗಳು ಅತ್ತು ದನಿ ಕಳೆದುಕೊಂಡವು. ಖುಷಿಯಾದ ದೊರೆ ಇನ್ನು ಮೇಲೆ ತಿಂಗಳಿಗೊಂದು ಭಾಷಣವೆಂದು ಸಾರಿದ. ಮೂರನೆಯ ತಿಂಗಳು ನಮ್ಮ ಬೀದಿಯ ನೇಕಾರನ ತುಂಬುಬಸುರಿ ಹೆಂಡತಿ ಚೌಕದಲ್ಲೇ ಕುಸಿದಳು. ಚಕ್ಕೆಯಪ್ಪನೇ ಅವಳನ್ನು ಎತ್ತಿ ತಂದದ್ದು.

"ಆ ಕುರ್ಚಿ ಮಾಡಿದ್ದು ನಾನು ಮೇಷ್ಟ್ರೇ" ಎಂದ.

ಮುಂದಿನ ಭಾಷಣದ ಹಿಂದಿನ ದಿನ, ಎಣ್ಣೆ ಹಚ್ಚಬೇಕೆಂದು ಹೇಳಿ ಅರಮನೆಗೆ ಹೋದ. ತಾನೇ ಬಿಗಿದಿದ್ದ ಮೂರು ಬೆಣೆಗಳನ್ನು ಕೂದಲೆಳೆಯಷ್ಟು ಸಡಿಲಿಸಿದ. ನಂತರ ಕೂತು ಎಣಿಸಿದ. ಮೂರು ಎನ್ನುವಷ್ಟರಲ್ಲಿ ಪೀಠ ಕಿರುಗುಟ್ಟಿತು. ಅವನ ಕೈಯಿಂದ ಹೊರಟ ಕೆಟ್ಟ ಕೆಲಸ ಅದೊಂದೇ.

ಮರುದಿನದ ಭಾಷಣ ನಾಲ್ಕು ನಿಮಿಷ. ಜನ ನಗುತ್ತ ಮನೆಗೆ ಹೋದರು. ಪಾರುಪತ್ಯಗಾರ ನೇರ ಅಂಗಡಿಗೆ ಬಂದ.

"ದಂಡಪಿಂಡ! ಒಂದು ಕುರ್ಚಿ ನೆಟ್ಟಗೆ ಮಾಡೋಕೆ ಬರಲ್ಲ ನಿಂಗೆ" ಎಂದು ಹತಾರದ ಪೆಟ್ಟಿಗೆಯನ್ನು ಆಳಿನ ತಲೆಗೆ ಹೊರಿಸಿದ. ಪದಕವನ್ನೂ ಕಿತ್ತುಕೊಂಡ. ಅದು ಪಾತ್ರೆಗೆ ಅಂಟಿಕೊಂಡಿದ್ದರಿಂದ ಪಾತ್ರೆಯೂ ಹೋಯಿತು.

ಚಕ್ಕೆಯಪ್ಪ ಮೊದಲ ಸಲ ಬರಿಗೈಯಲ್ಲಿ ಹಳೆಯ ಪೀಠದ ಮೇಲೆ ಕೂತ. ಊರಿಗೆಲ್ಲ ಅವನೀಗ ಕೆಲಸ ಬಾರದ ಬಡಗಿ. ಹಾಗಲ್ಲವೆಂದು ಕೂಗಿ ಹೇಳಬೇಕೆನಿಸಿತು ನನಗೆ. ಅವನು ಬೇಡವೆಂದು ತಲೆಯಾಡಿಸಿದ.

ಸಂಜೆಗೆ ನೇಕಾರ ಒಂದು ಸುತ್ತಿಗೆ ತಂದು, "ಕೆಲಸ ಬರದಿದ್ರೂ ಹೊಟ್ಟೆ ಇರುತ್ತಲ್ಲಪ್ಪ" ಎಂದು ಅವನ ಕಾಲ ಬಳಿ ಇಟ್ಟ. ಹಿಂದೆಯೇ ಚಮ್ಮಾರ ಉಳಿ ತಂದ, ಮಡಕೆ ಮಾಡುವವಳು ಗರಗಸ ತಂದಳು. ಹೀಗೆ ಇಡೀ ಬೀದಿ ಸಾಲಾಗಿ ಬಂದು, ಬಗ್ಗಿ, ಒಂದೊಂದನ್ನು ಪೀಠದ ಮುಂದೆ ಇಟ್ಟು ಹೋಯಿತು. ಎಲ್ಲರಿಗೂ ಅವನ ಮೇಲೆ ಕನಿಕರ. ಕಪ್ಪ ಒಪ್ಪಿಸುತ್ತಿದ್ದೇವೆಂದು ಒಬ್ಬರಿಗೂ ತಿಳಿಯದು.

ಅವನ ಹೆಂಡತಿ ಗರಗಸವನ್ನು ಬೆಳಕಿಗೆ ಹಿಡಿದಳು. "ಇದಕ್ಕೆ ಹಲ್ಲೇ ಇಲ್ವಲ್ರೀ!"

"ಕೊಡಿಲ್ಲಿ, ಮಸೀತೀನಿ" ಎಂದು ಚಕ್ಕೆಯಪ್ಪ ಕೈ ಚಾಚಿದ.